ಒಂದು ಕೋಟಿ ಸಾಕಾ?

ನಿವೃತ್ತಿ ಹತ್ತಿರ ಬಂದವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಎಷ್ಟು ದುಡ್ಡಿದ್ದರೆ ಸಾಕು? ಒಬ್ಬರು ಹೇಳುತ್ತಾರೆ, ‘ಒಂದು ಕೋಟಿ ಬ್ಯಾಂಕಲ್ಲಿ ಇಟ್ಟುಬಿಟ್ರೆ ಮುಗೀತು, ಬಡ್ಡೀಲೇ ಆರಾಮಾಗಿ ಇರಬಹುದು.’ ಅದೇ ಹೊತ್ತಿಗೆ ಫೋನಿನಲ್ಲಿ ಬರುವ ಜಾಹೀರಾತು ಐದು ಕೋಟಿ ಇಲ್ಲದಿದ್ದರೆ ಕಷ್ಟ ಎಂದು ಹೆದರಿಸುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅರ್ಧ ಲೆಕ್ಕ ಹೇಳುತ್ತಿದ್ದಾರೆ. ಒಬ್ಬರು ಬೆಲೆ ಏರಿಕೆಯನ್ನು ಮರೆತಿದ್ದಾರೆ. ಇನ್ನೊಬ್ಬರು ಅದನ್ನು ಸೇರಿಸಿದ್ದಾರೆ, ಆದರೆ ಸೇರಿಸಿದ್ದೇವೆ ಅಂತ ಬಾಯಿ ಬಿಟ್ಟಿಲ್ಲ.

ಪೂರ್ತಿ ಲೆಕ್ಕವನ್ನು ನಾವೇ ಹಾಕೋಣ. ಹೈಸ್ಕೂಲಿನಲ್ಲಿ ಕಲಿತ ಚಕ್ರಬಡ್ಡಿ ನೆನಪಿದ್ದರೆ ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಗಂಡ ಹೆಂಡತಿ, ಇಬ್ಬರಿಗೂ 60 ವರ್ಷ. ಸ್ವಂತ ಮನೆ ಇದೆ, ಪಿಂಚಣಿ ಇಲ್ಲ. ದಿನಸಿ, ಹಾಲು, ತರಕಾರಿ, ಕರೆಂಟು, ಗ್ಯಾಸು, ಬಿ.ಪಿ. ಮಾತ್ರೆ, ಮನೆಗೆಲಸದವರ ಸಂಬಳ, ಮದುವೆ ಮುಂಜಿಗೆ ಹೋಗಿ ಬರುವುದು, ಎಲ್ಲ ಸೇರಿ ತಿಂಗಳಿಗೆ 40,000 ರೂಪಾಯಿ ಖರ್ಚು. ಕೈಯಲ್ಲಿ ಒಂದು ಕೋಟಿ ಇದೆ. ಅದನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟರು. ವರ್ಷಕ್ಕೆ 7 ಲಕ್ಷ ಬಡ್ಡಿ, ಅಂದರೆ ತಿಂಗಳಿಗೆ 58,000 ಚಿಲ್ಲರೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆಯೂ ಬೀಳುವುದಿಲ್ಲ. ಖರ್ಚು 40, ಬರುವುದು 58. ಇನ್ನೇನು ಬೇಕು, ಅಲ್ವಾ?

ಈಗ ಬೆಲೆ ಏರಿಕೆಯನ್ನು ತನ್ನಿ. ನಾನಿಲ್ಲಿ ಶೇ 6 ಎಂದು ಹಿಡಿಯುತ್ತೇನೆ. ರಿಸರ್ವ್ ಬ್ಯಾಂಕಿಗೆ 2016ರಿಂದ ಕೊಟ್ಟಿರುವ ಗುರಿ ಶೇ 4, ಮೇಲಿನ ಮಿತಿ ಶೇ 6. 2025ರಲ್ಲಿ ನಿಜವಾದ ಏರಿಕೆ ಕೆಲವು ತಿಂಗಳು ಶೇ 2ಕ್ಕಿಂತ ಕೆಳಗೂ ಇತ್ತು. ಆದರೆ ಮೂವತ್ತು ವರ್ಷದ ಲೆಕ್ಕವನ್ನು ಒಂದು ಒಳ್ಳೆಯ ವರ್ಷ ನೋಡಿ ಹಾಕಬಾರದು. ವಯಸ್ಸಾದವರ ಖರ್ಚಿನಲ್ಲಿ ಔಷಧಿ, ಆಸ್ಪತ್ರೆ, ಸಹಾಯಕ್ಕೆ ಬರುವವರ ಸಂಬಳದ ಪಾಲು ಜಾಸ್ತಿ. ಇವು ಯಾವತ್ತೂ ಸರಾಸರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತವೆ.

ಶೇ 6ರಂತೆ ಏರಿದರೆ ಇವತ್ತಿನ 40,000ದ ಸಂಸಾರಕ್ಕೆ ಹತ್ತು ವರ್ಷದ ನಂತರ ಸುಮಾರು 71,600 ಬೇಕು. ಇಪ್ಪತ್ತು ವರ್ಷದ ನಂತರ 1,28,000. ಹೆಚ್ಚು ತಿಂದಿಲ್ಲ, ಹೆಚ್ಚು ತಿರುಗಿಲ್ಲ, ಅದೇ ಮನೆ, ಅದೇ ಊಟ.

ಆ ಒಂದು ಕೋಟಿ ಏನಾಗುತ್ತದೆ ನೋಡಿ. ಪ್ರತಿ ವರ್ಷದ ಖರ್ಚನ್ನು ಮೊದಲೇ ತೆಗೆದಿಟ್ಟು, ಮಿಕ್ಕಿದ್ದಕ್ಕೆ ಬಡ್ಡಿ ಸೇರಿಸುತ್ತಾ ಹೋದರೆ, 67ನೇ ವಯಸ್ಸಿಗೆ ಅದು 1 ಕೋಟಿ 8 ಲಕ್ಷ ಆಗಿರುತ್ತದೆ. ಕರಗುವ ಬದಲು ಬೆಳೆದಿದೆ! 75ನೇ ವಯಸ್ಸಿಗೂ ಇನ್ನೂ 90 ಲಕ್ಷ ಇರುತ್ತದೆ. ಪಾಸ್‌ಬುಕ್ ನೋಡಿದ ಯಾರಿಗಾದರೂ ನೆಮ್ಮದಿ ಆಗುವ ಮೊತ್ತ. ಅಲ್ಲಿಂದ ಎಂಟೇ ವರ್ಷ. 83ಕ್ಕೆ ಅಸಲೂ ಖಾಲಿ.

ಜನ ಮೋಸ ಹೋಗುವುದು ಇಲ್ಲೇ. ಹದಿನೈದು ವರ್ಷ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಪ್ಪಾಗಿದೆ ಎಂದು ಗೊತ್ತಾಗುವ ಹೊತ್ತಿಗೆ ಮತ್ತೆ ದುಡಿಯುವ ವಯಸ್ಸು ಮುಗಿದಿರುತ್ತದೆ. ಮೊದಲ ವರ್ಷಗಳಲ್ಲಿ ಮಿಗುವ ತಿಂಗಳ 18,000 ಇದೆಯಲ್ಲ, ಅದು ಮಿಕ್ಕ ದುಡ್ಡಲ್ಲ, ಬಿತ್ತನೆ ಬೀಜ. ಬಂದ ಬಡ್ಡಿಯನ್ನೆಲ್ಲ ಅಲ್ಲಲ್ಲೇ ತಿಂದುಬಿಟ್ಟರೆ ಅಸಲು ಒಂದು ಕೋಟಿಯೇ ಇರುತ್ತದೆ, ನಿಜ. ಆದರೆ ಇಪ್ಪತ್ತು ವರ್ಷದ ನಂತರ ಅದೇ 58,000 ಬಡ್ಡಿಗೆ ಸಿಗುವುದು ಇವತ್ತಿನ 18,000ಕ್ಕೆ ಸಿಗುವಷ್ಟೇ ಸಾಮಾನು.

ಬಡ್ಡಿಯಲ್ಲೇ ಬದುಕಬಹುದು ಎಂಬ ನಂಬಿಕೆ ನಮ್ಮ ಹಿರಿಯರಿಗೆ ಸುಮ್ನೆ ಬಂದದ್ದಲ್ಲ. ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್ ಖಾತೆಗೆ 2000ದ ಜನವರಿವರೆಗೂ ಶೇ 12 ಬಡ್ಡಿ ಇತ್ತು. 2020ರ ಏಪ್ರಿಲ್‌ನಿಂದ ಅದು ಶೇ 7.1. ಶೇ 12 ಸಿಗುತ್ತಿದ್ದಾಗ ಬೆಲೆಗಳೂ ಜೋರಾಗಿ ಏರುತ್ತಿದ್ದವು, ಆದರೆ ನೆನಪಿನಲ್ಲಿ ಉಳಿದಿರುವುದು ಬಡ್ಡಿ ಮಾತ್ರ. ನೋಡಬೇಕಾದ್ದು ಬಡ್ಡಿ ಎಷ್ಟು ಅನ್ನುವುದನ್ನಲ್ಲ. ಬಡ್ಡಿಯಲ್ಲಿ ಬೆಲೆ ಏರಿಕೆಯನ್ನು ಕಳೆದರೆ ಎಷ್ಟು ಉಳಿಯುತ್ತದೆ ಅನ್ನುವುದನ್ನು. ಏಳರಲ್ಲಿ ಆರು ಹೋದರೆ ಉಳಿಯುವುದು ಒಂದೇ.

ಹಾಗಾದರೆ ಎಷ್ಟು?

ಲೆಕ್ಕವನ್ನು ರೂಪಾಯಿಯಲ್ಲಿ ಹಾಕುವ ಬದಲು ವರ್ಷಗಳಲ್ಲಿ ಹಾಕಿದರೆ ಸುಲಭ. ನಿಮ್ಮ ಒಂದು ವರ್ಷದ ಖರ್ಚಿನ ಎಷ್ಟು ಪಟ್ಟು ಬೇಕು?

ದುಡ್ಡು ಬೆಳೆಯುವುದೂ ಬೆಲೆ ಏರುವುದೂ ಒಂದೇ ವೇಗದಲ್ಲಿದ್ದರೆ ಉತ್ತರ ನೇರ. 30 ವರ್ಷ ಬದುಕಲು 30 ವರ್ಷದ ಖರ್ಚು ಬೇಕು. ದುಡ್ಡು ಬೆಲೆಗಿಂತ ವರ್ಷಕ್ಕೆ ಸುಮಾರು ಒಂದು ಪರ್ಸೆಂಟ್ ಮುಂದಿದ್ದರೆ 26 ಪಟ್ಟು ಸಾಕು. ಎರಡು ಪರ್ಸೆಂಟ್ ಮುಂದಿದ್ದರೆ 23. ನಮ್ಮ ಮೈಸೂರಿನ ದಂಪತಿಗೆ ವರ್ಷಕ್ಕೆ 4.8 ಲಕ್ಷ ಖರ್ಚು. ಅಂದರೆ 1 ಕೋಟಿ 10 ಲಕ್ಷದಿಂದ 1 ಕೋಟಿ 44 ಲಕ್ಷದೊಳಗೆ ಎಲ್ಲೋ ಒಂದು ಕಡೆ. ನಡುವಿನ 26 ಪಟ್ಟು ಹಿಡಿದರೆ ಸುಮಾರು 1 ಕೋಟಿ 25 ಲಕ್ಷ.

ಇದರಲ್ಲೇ ಇನ್ನೊಂದು ವಿಷಯ ಕಾಣುತ್ತದೆ. ತಿಂಗಳ ಖರ್ಚಿನಲ್ಲಿ ಪ್ರತಿ 5,000 ರೂಪಾಯಿಗೆ ಹಿಂದೆ 15 ಲಕ್ಷಕ್ಕೂ ಹೆಚ್ಚು ಇಡುಗಂಟು ನಿಂತಿರಬೇಕು. ಬಾಡಿಗೆ ಮನೆಯಲ್ಲಿದ್ದು ತಿಂಗಳಿಗೆ 15,000 ಕಟ್ಟುವವರಾದರೆ ಅದೊಂದಕ್ಕೇ 47 ಲಕ್ಷ ಹೆಚ್ಚು ಬೇಕು. ಸ್ವಂತ ಮನೆ ಬೇಕೇ ಬೇಕು ಎಂದು ನಮ್ಮ ಮಧ್ಯಮ ವರ್ಗ ಹಟ ಹಿಡಿಯುವುದರಲ್ಲಿ ಬರೀ ಪ್ರತಿಷ್ಠೆ ಇಲ್ಲ, ಒಂದಿಷ್ಟು ಲೆಕ್ಕವೂ ಇದೆ.

ಯೂಟ್ಯೂಬಿನಲ್ಲಿ ಈ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ‘25 ಪಟ್ಟು’ ಅನ್ನುತ್ತಾರೆ. ಅದು ಬಂದದ್ದು ಅಮೆರಿಕದಿಂದ. ವಿಲಿಯಂ ಬೆಂಗನ್ ಎಂಬ ಹಣಕಾಸು ಸಲಹೆಗಾರ 1994ರಲ್ಲಿ ಒಂದು ಲೇಖನ ಬರೆದರು. 1926ರಿಂದ ಆಚೆಗಿನ ಅಮೆರಿಕದ ಶೇರು ಮತ್ತು ಸರ್ಕಾರಿ ಬಾಂಡುಗಳ ಅಂಕಿ ತೆಗೆದುಕೊಂಡು, ಬೇರೆ ಬೇರೆ ವರ್ಷದಲ್ಲಿ ನಿವೃತ್ತರಾದವರ ದುಡ್ಡು ಎಷ್ಟು ವರ್ಷ ಬಾಳುತ್ತಿತ್ತು ಎಂದು ನೋಡಿದರು. ಮೊದಲ ವರ್ಷ ಇಡುಗಂಟಿನ ಶೇ 4 ತೆಗೆದು, ಆಮೇಲೆ ಬೆಲೆ ಏರಿದಷ್ಟೇ ಏರಿಸುತ್ತಾ ಹೋದರೆ, ಅತಿ ಕೆಟ್ಟ ಕಾಲದಲ್ಲಿ ನಿವೃತ್ತರಾದವರಿಗೂ ಮೂವತ್ತು ವರ್ಷ ಸಾಲುತ್ತಿತ್ತು. ನೂರನ್ನು ನಾಲ್ಕರಿಂದ ಭಾಗಿಸಿದರೆ 25.

ಆ ಅತಿ ಕೆಟ್ಟ ಕಾಲ ಯಾವುದು ಗೊತ್ತಾ? 1929ರ ಮಹಾ ಕುಸಿತ ಅಲ್ಲ, 1960ರ ದಶಕದ ಕೊನೆಯ ಭಾಗ. ಅದರ ಹಿಂದೆಯೇ ಬಂದ 1970ರ ದಶಕದಲ್ಲಿ ಅಮೆರಿಕದಲ್ಲಿ ಬೆಲೆಗಳು ವಿಪರೀತ ಏರಿದವು. ಶೇರು ಬಿದ್ದರೆ ಮತ್ತೆ ಏಳುತ್ತದೆ, ಏರಿದ ಹಾಲಿನ ಬೆಲೆ ಇಳಿಯುವುದಿಲ್ಲ.

ಆ ಶೇ 4ನ್ನು ಹಾಗೇ ಎತ್ತಿ ಇಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಅವರು ಲೆಕ್ಕ ಹಾಕಿದ್ದು ಅರ್ಧದಷ್ಟು ಶೇರುಗಳಲ್ಲಿ ಇಟ್ಟವರಿಗೆ. ನಮ್ಮಲ್ಲಿ ಅರವತ್ತು ದಾಟಿದ ಹೆಚ್ಚಿನವರ ದುಡ್ಡು ಎಫ್‌ಡಿ, ಪೋಸ್ಟ್ ಆಫೀಸು, ಚಿನ್ನ, ಸೈಟುಗಳಲ್ಲಿದೆ. ಅಲ್ಲಿನವರಿಗೆ ವಯಸ್ಸಾದ ಮೇಲೆ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಹಣವೂ ಬರುತ್ತದೆ, ಬೆಲೆ ಏರಿದಂತೆ ಅದೂ ಏರುತ್ತದೆ. ಪಿಂಚಣಿ ಇಲ್ಲದ, ಎಫ್‌ಡಿಯನ್ನೇ ನಂಬಿದವರಿಗೆ ಇಲ್ಲಿ 25 ಸಾಲುವುದಿಲ್ಲ. 28ರಿಂದ 30 ಪಟ್ಟು ಅಂದುಕೊಳ್ಳುವುದೇ ಕ್ಷೇಮ.

ಶೇರಿನಲ್ಲಿ ಇಟ್ಟರೆ ಸರಾಸರಿ ಲಾಭ ಜಾಸ್ತಿ, ಹಾಗಾಗಿ ಕಡಿಮೆ ಇಡುಗಂಟು ಸಾಕಲ್ಲವೇ ಎಂದು ಕೇಳಬಹುದು. ಸರಾಸರಿ ಸರಿ, ಆದರೆ ಯಾವ ವರ್ಷ ಏರಿತು, ಯಾವ ವರ್ಷ ಬಿತ್ತು ಅನ್ನುವುದೇ ನಿವೃತ್ತರಿಗೆ ಮುಖ್ಯ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 9,000ಕ್ಕೂ ಕೆಳಗೆ ಇಳಿಯಿತು. ಆಗ ಕೆಲಸದಲ್ಲಿದ್ದವರು ಸುಮ್ಮನೆ ಕೂತು ಕಾದರು, ಆಮೇಲೆ ಎಲ್ಲ ವಾಪಸ್ ಬಂತು. ಅದೇ ಜನವರಿಯಲ್ಲಿ ನಿವೃತ್ತರಾಗಿ, ತಿಂಗಳ ಖರ್ಚಿಗೆ ಅದನ್ನೇ ಮಾರಬೇಕಿದ್ದವರು ಬಿದ್ದ ಬೆಲೆಗೇ ಮಾರಬೇಕಾಯಿತು. ಮಾರಿದ್ದು ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ನಾಲ್ಕೈದು ವರ್ಷದ ಖರ್ಚನ್ನು ಬ್ಯಾಂಕು, ಪೋಸ್ಟ್ ಆಫೀಸಿನಲ್ಲಿ ಬೇರೆಯಾಗಿಟ್ಟು, ಆಮೇಲಿನ ಕಾಲಕ್ಕೆ ಬೇಕಾದದ್ದನ್ನು ಮಾತ್ರ, ಸೆನ್ಸೆಕ್ಸ್‌ನಂಥ ಸೂಚ್ಯಂಕದಲ್ಲಿರುವ ಶೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡಿನಂಥ ಕಡೆ ಇಡಿ ಎನ್ನುವುದು. ಶೇರೇ ಬೇಡ ಎನ್ನುವುದೂ ಅಪಾಯವೇ, ಮೇಲಿನ 83ನೇ ವಯಸ್ಸಿನ ಲೆಕ್ಕ ನೋಡಿದಿರಲ್ಲ.

ಪಿಂಚಣಿಯ ನಿಜವಾದ ಬೆಲೆ

ಇಷ್ಟೆಲ್ಲ ಹೇಳಿದ ಮೇಲೂ ‘ಎಷ್ಟು ಸಾಕು’ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಮ್ಮ ಖರ್ಚಿನಲ್ಲಿ ಎಷ್ಟು ಪಾಲು ತಾನಾಗಿಯೇ ಪ್ರತಿ ತಿಂಗಳು ಬರುತ್ತದೆ, ಮತ್ತು ಅದು ಬೆಲೆಯ ಜೊತೆ ಏರುತ್ತದೆಯೇ, ಇದರ ಮೇಲೆ ಎಲ್ಲ ನಿಂತಿದೆ.

ಹಳೆಯ ಪಿಂಚಣಿಯ ಒಬ್ಬ ನಿವೃತ್ತ ಮೇಷ್ಟ್ರನ್ನು ತೆಗೆದುಕೊಳ್ಳಿ. ತಿಂಗಳಿಗೆ 30,000 ಪಿಂಚಣಿ. ಬ್ಯಾಂಕಿನಲ್ಲಿ ಹತ್ತು ಲಕ್ಷವೂ ಇಲ್ಲ. ಊರಿನವರ ಕಣ್ಣಿಗೆ ಇವರು ಸಾಧಾರಣ ಸ್ಥಿತಿಯವರು. ಆದರೆ ತುಟ್ಟಿಭತ್ಯೆ ಏರಿದಂತೆ ಅವರ ಪಿಂಚಣಿಯೂ ಏರುತ್ತದೆ. ಅವರ ನಂತರ ಹೆಂಡತಿಗೆ ಕುಟುಂಬ ಪಿಂಚಣಿ ಬರುತ್ತದೆ. ವರ್ಷಕ್ಕೆ 3.6 ಲಕ್ಷ, 26 ಪಟ್ಟು ಹಾಕಿ ನೋಡಿ. ಸುಮಾರು 94 ಲಕ್ಷದ ಇಡುಗಂಟಿಗೆ ಸಮ. ಪಕ್ಕದ ಮನೆಯಲ್ಲಿ ಖಾಸಗಿ ಕಂಪನಿಯಿಂದ ಒಂದು ಕೋಟಿ ತಂದವರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ಕೆಲಸಕ್ಕೆ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಸಿಗುವ, ಮೊತ್ತದ ಖಾತರಿ ಇಲ್ಲದ ಪಿಂಚಣಿಗೆ ಬಂದರು. ಹಳೆಯ ಪಿಂಚಣಿ ಬೇಕು ಎಂದು ಅವರು ಇಷ್ಟು ವರ್ಷದಿಂದ ಯಾಕೆ ಹೋರಾಡುತ್ತಿದ್ದಾರೆ ಅನ್ನುವುದು ಈ ಗುಣಾಕಾರ ಮಾಡಿದ ಕೂಡಲೇ ಅರ್ಥವಾಗುತ್ತದೆ.

ಏರದ ಪಿಂಚಣಿಯ ಕಥೆಯೇ ಬೇರೆ. ಅಟಲ್ ಪಿಂಚಣಿ ಯೋಜನೆ 2015ರಲ್ಲಿ ಬಂತು. 60 ವರ್ಷ ಆದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಖಾತರಿ ಪಿಂಚಣಿ. ಈಗ 30 ವರ್ಷದವರು 5,000ದ ಆಯ್ಕೆ ತೆಗೆದುಕೊಂಡರು ಅನ್ನಿ. ಅವರ ಕೈಗೆ ಅದು ಬರುವ ಹೊತ್ತಿಗೆ, ಶೇ 6ರ ಲೆಕ್ಕದಲ್ಲಿ, ಇವತ್ತಿನ ಸುಮಾರು 870 ರೂಪಾಯಿಯಷ್ಟೇ ಬೆಲೆ ಬಾಳುತ್ತದೆ. ಏನೂ ಇಲ್ಲದವರಿಗೆ ಅದೂ ಒಂದು ಆಸರೆ, ಬೇಡ ಅನ್ನುತ್ತಿಲ್ಲ. ಅದನ್ನೇ ನಂಬಿ ಕೂರಬಾರದು ಅಷ್ಟೆ.

ಪಿಎಫ್ ಇರುವವರಿಗೂ ಪಿಂಚಣಿ ಭಾಗ ಚಿಕ್ಕದೇ. ಕಂಪನಿ ಕಟ್ಟುವ ಪಾಲಿನಿಂದ ಸಾಮಾನ್ಯವಾಗಿ ಹೆಚ್ಚೆಂದರೆ ತಿಂಗಳಿಗೆ 1,250 ರೂಪಾಯಿ ಪಿಂಚಣಿ ಖಾತೆಗೆ ಹೋಗುತ್ತದೆ. 2014ರಲ್ಲಿ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು ಮಾಡಿದರು. ಅದಕ್ಕೆ ತುಟ್ಟಿಭತ್ಯೆ ಇಲ್ಲ.

ಇಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ನೆನೆಯಬೇಕು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಕೆಲಸ ಬಿಟ್ಟರೂ ಪಿಎಫ್‌ನಲ್ಲಿ ಕಂಪನಿಯ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಊರಿನ ಸಂಚಾರವೇ ನಿಂತುಹೋಯಿತು. 19ರ ಸಂಜೆಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ‘ವೃದ್ಧಾಪ್ಯಕ್ಕೆ ಒಳ್ಳೇದಲ್ವಾ, ಯಾಕೆ ಬೇಡ ಅಂತಾರೆ’ ಎಂದು ಆಗ ತುಂಬ ಜನ ಆಶ್ಚರ್ಯಪಟ್ಟರು. ಆಶ್ಚರ್ಯ ಯಾಕೆ? ದುಡಿಮೆ ಮೂವತ್ತೈದು ನಲವತ್ತಕ್ಕೇ ನಿಂತುಹೋಗುವ ಕಡೆ, ಪಿಎಫ್ ಅನ್ನುವುದು ಮಗಳ ಕಾಲೇಜು ಫೀಸು, ಭೋಗ್ಯದ ಮನೆಯ ಅಡ್ವಾನ್ಸು, ಕೈಸಾಲ ತೀರಿಸುವ ದುಡ್ಡು. ತಿಂಗಳ ಕೊನೆಗೇ ಸಾಲದ ಸಂಬಳದಲ್ಲಿ 26 ಪಟ್ಟಿನ ಮಾತಾಡುವುದು ತಮಾಷೆಯಾಗುತ್ತದೆ. ಅವರಿಗೆ ಮೊದಲ ಗುರಿ ಮೂರು ತಿಂಗಳ ಖರ್ಚು ಕೈಯಲ್ಲಿರುವುದು. ಆಮೇಲೆ ಆರು ತಿಂಗಳು. ಮೀಟರ್ ಬಡ್ಡಿ ಸಾಲಕ್ಕೆ ಹೋಗದೆ ಒಂದು ಜ್ವರ, ಒಂದು ಫೀಸು ದಾಟುವಂತಾದರೆ ಅಷ್ಟು ಉಳಿತಾಯ ಬೇರೆ ಯಾವ ಹೂಡಿಕೆಗಿಂತ ಜಾಸ್ತಿ ಲಾಭ ಕೊಡುತ್ತದೆ.

ಕೆಳಗಿನ ನೆಲ ಮೊದಲು

ಪಿಂಚಣಿ ಇಲ್ಲದವರು ತಾವೇ ಒಂದು ಪಿಂಚಣಿ ಕಟ್ಟಿಕೊಳ್ಳಬೇಕು. ತಿಂಗಳ ಖರ್ಚನ್ನು ಎರಡು ಮಾಡಿ. ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವುದು ಒಂದು ಕಡೆ: ದಿನಸಿ, ಮಾತ್ರೆ, ಕರೆಂಟು, ವಿಮೆ ಕಂತು. ಪ್ರವಾಸ, ಉಡುಗೊರೆ, ಹೋಟೆಲು ಇನ್ನೊಂದು ಕಡೆ. ಮೊದಲನೆಯದು ಖಾತರಿ ಹಣದಿಂದಲೇ ಬರುವಂತಿರಲಿ.

ಇದಕ್ಕೆ ಅರವತ್ತು ದಾಟಿದವರಿಗೆ ಈಗ ಸಿಗುವ ಒಳ್ಳೆಯ ದಾರಿ ಪೋಸ್ಟ್ ಆಫೀಸು ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. 2025ರಲ್ಲಿ ಬಡ್ಡಿ ಶೇ 8.2. 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ಗಂಡ ಹೆಂಡತಿ ಬೇರೆ ಬೇರೆಯಾಗಿ ಇಟ್ಟರೆ 41,000. ಇಟ್ಟಾಗಿನ ಬಡ್ಡಿ ಐದು ವರ್ಷ ಬದಲಾಗುವುದಿಲ್ಲ. ಇದು ಏರುವುದೂ ಇಲ್ಲ ಅನ್ನುವುದು ಮಾತ್ರ ನೆನಪಿರಲಿ. ಏರುವ ಭಾಗ ಬೇರೆ ಕಡೆಯಿಂದ ಬರಬೇಕು.

ಮೇಲಿನ ಮಹಡಿ ಬಾಡಿಗೆಗೆ ಕೊಟ್ಟವರಿಗೆ ಆ ಭಾಗ ಅಲ್ಲೇ ಇದೆ. ಮನೆಯ ಬೆಲೆಗೆ ಹೋಲಿಸಿದರೆ ಬಾಡಿಗೆ ತೀರಾ ಕಡಿಮೆ, ನೂರಕ್ಕೆ ಎರಡು ಮೂರು ರೂಪಾಯಿ. ಆದರೆ ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಅದು ಒಂದಿಷ್ಟು ಏರುತ್ತದೆ. ಎಫ್‌ಡಿಗೆ ಇಲ್ಲದ ಗುಣ ಅದು. ಖಾಲಿ ಬಿದ್ದ ತಿಂಗಳು, ಸುಣ್ಣ ಬಣ್ಣ, ಮೋಟರ್ ರಿಪೇರಿ ಕಳೆದೇ ಲೆಕ್ಕ ಹಾಕಿ. ಸುಮ್ನೆ ಬಿದ್ದಿರುವ ಸೈಟು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಮಾರುವವರೆಗೆ ಅದು ತೆರಿಗೆ ಕಟ್ಟಿಸುವ ಆಸ್ತಿ.

ಎಲ್ಲಿ ಇಡುತ್ತೀರಿ ಅನ್ನುವುದೂ ‘ಎಷ್ಟು’ ಅನ್ನುವಷ್ಟೇ ಮುಖ್ಯ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣವನ್ನೆಲ್ಲ ಅರ್ಧ, ಒಂದು ಪರ್ಸೆಂಟ್ ಹೆಚ್ಚು ಬಡ್ಡಿಗೆ ಅಲ್ಲೇ ಇಟ್ಟಿದ್ದ ಹಿರಿಯರು ಬ್ಯಾಂಕಿನ ಮುಂದೆ ನಿಂತರು. ಠೇವಣಿ ವಿಮೆ ಆಗ ಬರೀ ಒಂದು ಲಕ್ಷ, 1993ರಿಂದ ಬದಲಾಗಿರಲಿಲ್ಲ. ಮುಂದಿನ ತಿಂಗಳು ಅದನ್ನು ಐದು ಲಕ್ಷಕ್ಕೆ ಏರಿಸಿದರು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಎರಡೂ ಸೇರಿ, ಅಷ್ಟೇ. ತಿಂಗಳಿಗೆ ಎರಡು ಮೂರು ಪರ್ಸೆಂಟ್ ಕೊಡುತ್ತೇವೆ ಎನ್ನುವವರ ಬಗ್ಗೆ ನಾನೇನೂ ಹೇಳುವುದಿಲ್ಲ. ಪೇಪರ್ ಓದುವವರಿಗೆ ಗೊತ್ತಿದೆ.

ಆಸ್ಪತ್ರೆಯ ದುಡ್ಡನ್ನು 26 ಪಟ್ಟಿನೊಳಗೆ ಸೇರಿಸಬೇಡಿ. ಅದು ತಿಂಗಳ ಖರ್ಚಲ್ಲ, ಯಾವತ್ತೋ ಒಂದು ದಿನ ಒಟ್ಟಿಗೇ ಬಂದು ಬೀಳುವ ಖರ್ಚು. ಆರೋಗ್ಯ ವಿಮೆಯನ್ನು ಕೆಲಸದಲ್ಲಿದ್ದಾಗಲೇ, ಕಂಪನಿಯದ್ದಲ್ಲದೆ ಸ್ವಂತದ್ದೊಂದು ಮಾಡಿಸಿಟ್ಟುಕೊಳ್ಳಬೇಕು. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸುವ ಅವಕಾಶ ವಿಮೆ ಕಂಪನಿಗಳಿಗಿದೆ. 58ಕ್ಕೆ ಮಾಡಿಸಿದರೆ ಆ ಕಾಯುವಿಕೆ 61ಕ್ಕೆ ಮುಗಿಯುತ್ತದೆ. ವಿಮೆ ಕೊಡದ ಖರ್ಚಿಗೆಂದು ಐದರಿಂದ ಹತ್ತು ಲಕ್ಷ ಬೇರೆ ಇದ್ದರೆ ಒಳ್ಳೆಯದು.

ಈಗ ಆ ಐದು ಕೋಟಿಯ ಜಾಹೀರಾತು. ನಿಮಗೆ 35, ನಿಮ್ಮ ಮನೆಯ ಖರ್ಚೂ ತಿಂಗಳಿಗೆ 40,000. 60ಕ್ಕೆ ಬೇಕಾದದ್ದು ಇವತ್ತಿನ ಬೆಲೆಯಲ್ಲಿ 1 ಕೋಟಿ 25 ಲಕ್ಷ. 25 ವರ್ಷದಲ್ಲಿ ಬೆಲೆಗಳು ನಾಲ್ಕು ಪಟ್ಟಿಗೂ ಹೆಚ್ಚಾಗುತ್ತವೆ, ಹಾಗಾಗಿ ಆಗಿನ ರೂಪಾಯಿಯಲ್ಲಿ ಅದೇ ಮೊತ್ತ ಸುಮಾರು 5 ಕೋಟಿ 36 ಲಕ್ಷ. ಎರಡೂ ಒಂದೇ ದುಡ್ಡು. ಗಾಬರಿಯಾಗಬೇಕಿಲ್ಲ, ಆಗ ಸಂಬಳದ ಅಂಕಿಯೂ ದೊಡ್ಡದಿರುತ್ತದೆ. ಬೆಲೆ ಏರಿಕೆಗಿಂತ ನಾಲ್ಕು ಪರ್ಸೆಂಟ್ ಮುಂದೆ ಬೆಳೆಯುವ ಕಡೆ ಇಟ್ಟರೆ, ಈಗಿನಿಂದ ತಿಂಗಳಿಗೆ ಸುಮಾರು 25,000 ಉಳಿಸಬೇಕು, ಬೆಲೆ ಏರಿದಂತೆ ಆ ಮೊತ್ತವನ್ನೂ ಏರಿಸುತ್ತಾ ಹೋಗಬೇಕು. ಪಿಎಫ್‌ಗೆ ಕಟ್ಟುವುದೂ ಇದರಲ್ಲಿ ಸೇರುತ್ತದೆ. 45ಕ್ಕೆ ಶುರು ಮಾಡಿದರೆ ಅದೇ ಗುರಿಗೆ ತಿಂಗಳಿಗೆ 52,000 ಬೇಕು. ಹೆಂಡತಿ ಐದು ವರ್ಷ ಚಿಕ್ಕವರಾದರೆ ಲೆಕ್ಕವನ್ನು ಅವರ 90ರವರೆಗೆ ಹಾಕಿ, ನಿಮ್ಮ 90ರವರೆಗಲ್ಲ.

ಸಾಕಾಗದವರ ಬಗ್ಗೆಯೇ ಇಷ್ಟು ಹೊತ್ತು ಹೇಳಿದೆ. ಸಾಕಾಗಿದ್ದೂ ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ ಇಲ್ಲ. ಪಿಂಚಣಿ 45,000, ಖರ್ಚು 40,000, ಎಫ್‌ಡಿ 60 ಲಕ್ಷ. ಆದರೂ ಕಣ್ಣಿನ ಪೊರೆ ಆಪರೇಷನ್ನಿಗೆ ‘ಮುಂದಿನ ವರ್ಷ ನೋಡೋಣ’ ಅನ್ನುತ್ತಾರೆ. ಅರವತ್ತೈದರ ಮಂಡಿನೋವಿನಲ್ಲೂ ಆಟೋ ಹತ್ತದೆ ಬಸ್ಸಿಗೆ ಕಾಯುತ್ತಾರೆ. ಅವರಿಗೂ ಇದೇ ಲೆಕ್ಕ ಹಾಕಿ ತೋರಿಸಬಹುದು. ಆಸ್ಪತ್ರೆಗೆಂದು 20 ಲಕ್ಷ ಬೇರೆ ಇಟ್ಟುಬಿಡಿ. ಮಿಕ್ಕ 40 ಲಕ್ಷಕ್ಕೆ ಬರುವ ಬಡ್ಡಿ ಬೆಲೆ ಏರಿಕೆಗೆ ಸರಿಹೋಯಿತು ಅಂದುಕೊಂಡರೂ, 25 ವರ್ಷಕ್ಕೆ ಹಂಚಿದರೆ ತಿಂಗಳಿಗೆ 13,000 ಸಿಗುತ್ತದೆ. ಇವತ್ತಿನ ಬೆಲೆಯ 13,000, ಪಿಂಚಣಿಯ ಮೇಲೆ. ಅಷ್ಟನ್ನೂ ಖರ್ಚು ಮಾಡಿದರೂ ಮಕ್ಕಳಿಗೆ ಮನೆ ಉಳಿದೇ ಇರುತ್ತದೆ.